ಕೆಂಪು-ಹಸಿರು ಅಂಗಿಯ ಕ್ಲೈವ್ ಚರ್ಚಿಲ್

ಚರ್ಚಿಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ನಿಲ್ಲುವುದು, ಬಾಯಲ್ಲಿ ಚುಟ್ಟ ಕಚ್ಚಿಕೊಂಡ ಆ ಬ್ರಿಟಿಷ್ ಪ್ರಧಾನಿಯ ಸ್ಥೂಲಮೂರ್ತಿ. ಚರಿತ್ರೆಯ ಪಾಠಗಳಲ್ಲಿ ನಾವು ಓದಿದುದು ಅವನೊಬ್ಬನನ್ನು ಕುರಿತೇ. ಆದರೆ ಆಸ್ಟ್ರೇಲಿಯದ ಸಿಡ್ನಿ ನಗರದ ದಕ್ಷಿಣಕ್ಕಿರುವ ರೆಡ್‌ಫರ್ನ್ ಬಡಾವಣೆಯಲ್ಲಿ ಅದೇ ಹೆಸರನ್ನು ಹೇಳಿದರೆ ಅಲ್ಲಿನ ಹಿರಿಯರ ನೆನಪಿಗೆ ಬರುವವನು ಬೇರೊಬ್ಬ. ಅವನು ರಾಜ್ಯವಾಳಿದವನಲ್ಲ, ಯುದ್ಧ ಗೆದ್ದವನಲ್ಲ, ಗ್ರಂಥಗಳಿಂದ ಲೋಕವನ್ನು ಬೆರಗುಗೊಳಿಸಿದವನೂ ಅಲ್ಲ. ಕೆಂಪು ಹಸಿರು ಪಟ್ಟೆಗಳ ಅಂಗಿ ತೊಟ್ಟು, ಮೈದಾನದ ತೀರ ಹಿಂದಿನ ತುದಿಯಲ್ಲಿ ನಿಂತು ಚೆಂಡು ಕಾಯುತ್ತಿದ್ದ ಒಬ್ಬ ಸಣ್ಣಾಳು. ಅವನ ಹೆಸರು ಕ್ಲೈವ್ ಚರ್ಚಿಲ್. ಅವನು ತೀರಿಕೊಂಡು ನಾಲ್ಕು ದಶಕಗಳಾದರೂ ಆ ದೇಶದಲ್ಲಿ ಅವನ ಹೆಸರು ವರ್ಷಕ್ಕೊಮ್ಮೆ ಲಕ್ಷಾಂತರ ಜನರ ಬಾಯಲ್ಲಿ ಹೊಸದಾಗಿ ಹುಟ್ಟಿ ಬರುತ್ತದೆ.

ಒಬ್ಬ ಆಟಗಾರನಿಗೂ ಒಂದು ಬಡಾವಣೆಗೂ ನಡುವೆ ಇಂತಹ ನಂಟು ಹೇಗೆ ಬೆಳೆಯುತ್ತದೆ? ಹಣದಿಂದಲೋ, ನಿಯಮದಿಂದಲೋ, ಗೆಲವಿನಿಂದಲೋ? ಹಣ ಬಂದಾಗ ನಂಟು ಹರಿಯುವುದನ್ನು ಕಾಣುತ್ತೇವೆ. ಸೋಲು ಬಂದಾಗ ಜನ ಮೈದಾನ ತೊರೆಯುವುದನ್ನೂ ಕಾಣುತ್ತೇವೆ. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೀತಿ. ಹಾಗಿದ್ದೂ ಕೆಲವು ಕಡೆ ಕೆಲವರ ವಿಷಯದಲ್ಲಿ ಈ ರೀತಿ ತಪ್ಪುತ್ತದೆ. ಕ್ಲೈವ್ ಚರ್ಚಿಲ್ಲನ ಬಾಳನ್ನೂ ಅವನ ಸೌತ್ ಸಿಡ್ನಿ ಕ್ಲಬ್ಬಿನ ಕಥೆಯನ್ನೂ ಜೊತೆಯಾಗಿ ನೋಡಿದರೆ ಈ ಪ್ರಶ್ನೆಗೆ ಒಂದಿಷ್ಟು ಬೆಳಕು ಸಿಕ್ಕೀತು.

ಮೊದಲು ಆಟದ ಪರಿಚಯವನ್ನು ಮಾಡಿಕೊಳ್ಳುವುದು ಒಳ್ಳೆಯದು. ರಗ್ಬಿ ಲೀಗ್ ಎಂಬುದು ರಗ್ಬಿಯ ಒಂದು ಕವಲು. 1895ರಲ್ಲಿ ಇಂಗ್ಲೆಂಡಿನ ಉತ್ತರಭಾಗದ ಕ್ಲಬ್ಬುಗಳು ರಗ್ಬಿಯ ಮೂಲ ಸಂಸ್ಥೆಯಿಂದ ಬೇರೆಯಾದುದರಿಂದ ಇದು ಹುಟ್ಟಿತು. ಗಣಿಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುತ್ತಿದ್ದ ಆಟಗಾರರು ಆಟಕ್ಕಾಗಿ ಕಳೆದುಕೊಂಡ ದಿನಗೂಲಿಯನ್ನು ತುಂಬಿಕೊಡಬೇಕೆ, ಬೇಡವೆ ಎಂಬುದೇ ಆ ಒಡಕಿಗೆ ಕಾರಣ. ಹೀಗೆ ಹುಟ್ಟಿನಿಂದಲೇ ಇದು ಕೂಲಿಕಾರರ ಆಟ. ತಂಡಕ್ಕೆ 13 ಜನ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ಭೇದಿಸಿಕೊಂಡು ಹೋಗಿ, ಅವರ ಗೆರೆಯ ಆಚೆ ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ. ಚರ್ಚಿಲ್ ಆಡಿದ ಕಾಲದಲ್ಲಿ ಟ್ರೈಗೆ 3 ಅಂಕ. ಬಳಿಕ ಚೆಂಡನ್ನು ಕಂಬಗಳ ನಡುವೆ ಒದ್ದು ಹಾಯಿಸಿದರೆ ಇನ್ನೆರಡು. ಎಲ್ಲರಿಗಿಂತ ಹಿಂದೆ ಒಬ್ಬನೇ ನಿಲ್ಲುವವನು ಫುಲ್‌ಬ್ಯಾಕ್. ಮುಂದಿನ ಹನ್ನೆರಡು ಮಂದಿಯನ್ನು ದಾಟಿ ಬಂದ ಎದುರಾಳಿಯನ್ನು ತಡೆಯಬೇಕಾದವನು ಅವನೇ. ಅವನ ಬೆನ್ನ ಹಿಂದೆ ಗೆರೆಯಲ್ಲದೆ ಬೇರೆ ಯಾರೂ ಇಲ್ಲ. ಅವನು ತಪ್ಪಿದರೆ ಆ ತಪ್ಪು ಇಡೀ ಮೈದಾನಕ್ಕೆ ಕಾಣುತ್ತದೆ.

ಕ್ಲೈವ್ ಬರ್ನಾರ್ಡ್ ಚರ್ಚಿಲ್ ಹುಟ್ಟಿದ್ದು 1927ನೆಯ ಜನವರಿ 21ರಂದು, ಸಿಡ್ನಿಯ ಉತ್ತರಕ್ಕೆ ಕಡಲ ತೀರದಲ್ಲಿರುವ ನ್ಯೂಕಾಸಲ್ ಪಟ್ಟಣದಲ್ಲಿ. ಕಲ್ಲಿದ್ದಲಿಗೂ ಉಕ್ಕಿಗೂ ಹೆಸರಾದ ಊರು ಅದು. ಹ್ಯಾಮಿಲ್ಟನ್ನಿನ ಮಾರಿಸ್ಟ್ ಬ್ರದರ್ಸ್ ಶಾಲೆಯಲ್ಲಿ ಅವನು ಕಲಿತನು. ಅವನ ಎಳವೆ ಕಳೆದದ್ದು ಆರ್ಥಿಕ ಮುಗ್ಗಟ್ಟಿನಲ್ಲಿ. ಹರೆಯ ಬಂದದ್ದು ಎರಡನೆಯ ಮಹಾಯುದ್ಧದ ನೆರಳಿನಲ್ಲಿ. ಆಳು ಎತ್ತರದವನಲ್ಲ, ತೂಕದವನೂ ಅಲ್ಲ. ರಗ್ಬಿ ಲೀಗ್‌ನಂತಹ ಮೈಗೆ ಮೈ ಅಪ್ಪಳಿಸುವ ಆಟಕ್ಕೆ ಇವನು ತಕ್ಕವನೆಂದು ಹೊರನೋಟಕ್ಕೆ ಯಾರೂ ಹೇಳುವಂತಿರಲಿಲ್ಲ. ಆದರೆ ಓಟದಲ್ಲಿ ಚುರುಕು, ಕಾಲಿನಲ್ಲಿ ಗುರಿ, ಕಣ್ಣಿನಲ್ಲಿ ಎಚ್ಚರ ಈ ಮೂರೂ ಅವನಲ್ಲಿ ಸೇರಿದ್ದವು. ನ್ಯೂಕಾಸಲ್ಲಿನ ಆಟದಲ್ಲಿ ಹೆಸರು ಮಾಡಿದ ಮೇಲೆ 1947ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಅವನು ಸಿಡ್ನಿಗೆ ಬಂದು ಸೌತ್ ಸಿಡ್ನಿ ಕ್ಲಬ್ಬನ್ನು ಸೇರಿದನು.

ಅವನು ಸೇರಿದ್ದು ಎಂತಹ ಕ್ಲಬ್ಬು? ಸೌತ್ ಸಿಡ್ನಿ 1908ರ ಜನವರಿಯಲ್ಲಿ ರೆಡ್‌ಫರ್ನ್ ಪುರಭವನದಲ್ಲಿ ನಡೆದ ಸಭೆಯೊಂದರಲ್ಲಿ ಹುಟ್ಟಿದ ಸಂಸ್ಥೆ. ಸಿಡ್ನಿಯ ರಗ್ಬಿ ಲೀಗ್ ಪಂದ್ಯಾವಳಿಯ ಮೊದಲ ವರ್ಷದ ಪ್ರಶಸ್ತಿಯೇ ಅದರದು. ಕಾರ್ಖಾನೆ, ರೈಲ್ವೆ ಕಾರ್ಯಾಗಾರ, ಸಾಲುಮನೆಗಳ ನಡುವೆ ಬೆಳೆದ ಆ ಬಡಾವಣೆಯಲ್ಲಿ ಹಿಂದೆ ಮೊಲದ ಮಾಂಸವನ್ನು ಬೀದಿಬೀದಿಯಲ್ಲಿ ಕೂಗಿ ಮಾರುತ್ತಿದ್ದರು. ಆ ಕೂಗಿನಿಂದಲೇ ಕ್ಲಬ್ಬಿಗೆ ರ‍್ಯಾಬಿಟೋ ಎಂಬ ಅಡ್ಡಹೆಸರು ಬಂತೆನ್ನುತ್ತಾರೆ. ಪರರು ಹಾಸ್ಯಕ್ಕೆ ಇಟ್ಟ ಹೆಸರನ್ನು ಅಲ್ಲಿನ ಜನ ಹೆಮ್ಮೆಯಿಂದ ಎದೆಯ ಮೇಲೆ ಧರಿಸಿಕೊಂಡರು. ಆದರೆ ಚರ್ಚಿಲ್ ಬರುವ ಹೊತ್ತಿಗೆ ಆ ಮನೆಯಲ್ಲಿ ದೀಪವಾರಿದಂತಿತ್ತು. 1946ರ ಇಡೀ ಋತುವಿನಲ್ಲಿ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಪಟ್ಟಿಯ ತಳದಲ್ಲಿ ಕುಳಿತಿತ್ತು. ಗೆಲ್ಲುವ ತಂಡವನ್ನು ಹುಡುಕಿಕೊಂಡು ಹೋಗುವವನಾಗಿದ್ದರೆ ಆ ಯುವಕ ಹೋಗಬೇಕಾದ ಬಾಗಿಲು ಅದಾಗಿರಲಿಲ್ಲ.

ಅಲ್ಲಿಂದ ಮುಂದೆ ನಡೆದದ್ದು ಬಲು ಬೇಗ. 1949ರಲ್ಲಿ ಸೌತ್ ಸಿಡ್ನಿ ಅಂತಿಮ ಪಂದ್ಯಕ್ಕೆ ಏರಿತು. ಸೇಂಟ್ ಜಾರ್ಜ್ ತಂಡಕ್ಕೆ ಸೋತಿತು. 1950, 1951, 1953, 1954, 1955ರಲ್ಲಿ ಗೆದ್ದಿತು. ಆರು ವರ್ಷಗಳಲ್ಲಿ ಐದು ಪ್ರಶಸ್ತಿ! ಇದೆಲ್ಲ ಒಬ್ಬನಿಂದಲೇ ಆಯಿತೆಂದರೆ ಉಳಿದ ಹನ್ನೆರಡು ಮಂದಿಗೆ ಅನ್ಯಾಯವಾದೀತು. ಜ್ಯಾಕ್ ರೇನರ್ ಎಂಬ ಪೊಲೀಸಿನವನು ಅಲ್ಲಿ ನಾಯಕನಾಗಿದ್ದನು. ಬರ್ನಿ ಪರ್ಸೆಲ್, ಲೆಸ್ ಕವಿ ಮುಂತಾದ ಗಟ್ಟಿಗರು ಇದ್ದರು. ಆದರೂ ಜನ ಮೈದಾನಕ್ಕೆ ಬರುತ್ತಿದ್ದುದು ಮುಖ್ಯವಾಗಿ ಆ ಹಿಂದಿನ ಒಂಟಿ ಆಟಗಾರನನ್ನು ನೋಡಲು.

ಏಕೆಂದರೆ ಅವನು ಫುಲ್‌ಬ್ಯಾಕಿನ ಕೆಲಸವನ್ನೇ ಬದಲಾಯಿಸಿಬಿಟ್ಟನು. ಅಲ್ಲಿಯವರೆಗೆ ಆ ಸ್ಥಾನ ಬಹುಮಟ್ಟಿಗೆ ಕಾವಲುಗಾರನದು. ಎದುರಾಳಿ ಒದ್ದ ಚೆಂಡನ್ನು ಹಿಡಿಯುವುದು, ತಿರುಗಿ ಒದೆಯುವುದು, ನುಗ್ಗಿ ಬಂದವನನ್ನು ಕೆಡಹುವುದು ಇಷ್ಟೇ ಅವನ ಧರ್ಮ. ಚರ್ಚಿಲ್ಲನಾದರೋ ಹಿಡಿದ ಚೆಂಡನ್ನು ಬಗಲಿಗೆ ಸೇರಿಸಿಕೊಂಡು ಓಡತೊಡಗಿದನು. ಮುಂದಿನ ಸಾಲಿನವರ ನಡುವೆ ಇದ್ದಕ್ಕಿದ್ದಂತೆ ಹೆಚ್ಚಿನ ಒಬ್ಬ ಆಳಾಗಿ ಕಾಣಿಸಿಕೊಳ್ಳುವನು. ಎಡಕ್ಕೆ ಹೋಗುವಂತೆ ತೋರಿ ಬಲಕ್ಕೆ ಜಾರುವನು. ದಾಳಿಯೇ ರಕ್ಷಣೆಯೆಂಬಂತೆ ಆಡುವನು. ಅಂದಿನ ನಿಯಮದಲ್ಲಿ ಒಂದು ತಂಡ ಚೆಂಡನ್ನು ಕಳೆದುಕೊಳ್ಳುವವರೆಗೆ ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದಾಗಿತ್ತು. ಆದುದರಿಂದ ಆಟ ಅನೇಕ ವೇಳೆ ಭಾರದ ದೇಹಗಳ ನೂಕಾಟವಾಗಿ ಜಡವಾಗುತ್ತಿತ್ತು. ಆ ಜಡತೆಯ ನಡುವೆ ಈ ಸಣ್ಣಾಳಿನ ಓಟ ಮಿಂಚಿನಂತೆ ಕಂಡಿತು. ಜನ ಅವನನ್ನು ಕಿರಿಯ ಗುರು ಎಂಬರ್ಥದ ಅಡ್ಡಹೆಸರಿನಿಂದ ಕರೆದರು. ಇಂದು ಆ ಆಟದಲ್ಲಿ ಫುಲ್‌ಬ್ಯಾಕ್ ಎಂದರೆ ದಾಳಿಯ ಒಬ್ಬ ಮುಖ್ಯ ಸೂತ್ರಧಾರ ಎಂಬ ಭಾವನೆ ಸಹಜವಾಗಿದೆ. ಆ ಭಾವನೆಗೆ ತಳಪಾಯ ಹಾಕಿದವರಲ್ಲಿ ಅವನು ಅಗ್ರಗಣ್ಯ.

ದೇಶದ ತಂಡದಲ್ಲಿಯೂ ಅವನ ಸ್ಥಾನ ಬೇಗ ಗಟ್ಟಿಯಾಯಿತು. 1948–49ರ ಇಂಗ್ಲೆಂಡ್ ಪ್ರವಾಸಕ್ಕೆ ಹೋದನು. 1950ರಲ್ಲಿ ಆಸ್ಟ್ರೇಲಿಯದ ನಾಯಕನಾದನು. ಕ್ರಿಕೆಟ್ಟಿನಲ್ಲಿರುವಂತೆ ಈ ಆಟದಲ್ಲಿಯೂ ಆ ಎರಡು ದೇಶಗಳ ನಡುವಣ ಪೈಪೋಟಿಗೆ ಆಷಸ್ ಎಂದೇ ಹೆಸರು. 1920ರಿಂದ ಈಚೆಗೆ ಆಸ್ಟ್ರೇಲಿಯ ಅದನ್ನು ಗೆದ್ದಿರಲಿಲ್ಲ. 1950ರ ಜುಲೈ 22ರಂದು ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ ಮೂರನೆಯ ಪಂದ್ಯ. ಮಳೆಯಿಂದ ಮೈದಾನ ಕೆಸರುಗದ್ದೆಯಾಗಿತ್ತು. ರಾನ್ ರಾಬರ್ಟ್ಸ್ ಮೂಲೆಗೆ ನುಗ್ಗಿ ಮಾಡಿದ ಒಂದು ಟ್ರೈನಿಂದ ಆಸ್ಟ್ರೇಲಿಯ 5–2ರಿಂದ ಗೆದ್ದಿತು. ಮೂವತ್ತು ವರ್ಷಗಳ ದಾಹ ತೀರಿತು. ಮರುವರ್ಷವೇ ಫ್ರಾನ್ಸಿನ ತಂಡ ಬಂದು ಅದೇ ನಾಯಕನನ್ನು ಅವನ ನೆಲದಲ್ಲಿಯೇ ಸೋಲಿಸಿತು. ಫ್ರೆಂಚ್ ತಂಡದ ಫುಲ್‌ಬ್ಯಾಕ್ ಪ್ಯೂಗ್ ಓಬೇರ್, ಸಿಗರೇಟು ಸೇದುವುದಕ್ಕೆ ಹೆಸರಾದವನು, ಮೂರು ಪಂದ್ಯಗಳಲ್ಲಿ 18 ಗೋಲುಗಳನ್ನು ಒದ್ದನು. 1954ರಲ್ಲಿ ಚರ್ಚಿಲ್ಲನ ನಾಯಕತ್ವದಲ್ಲಿ ಆಷಸ್ ಮತ್ತೆ ಆಸ್ಟ್ರೇಲಿಯಕ್ಕೆ ಬಂತು. 1956–57ರ ಪ್ರವಾಸವೇ ಆಟಗಾರನಾಗಿ ಅವನ ಕೊನೆಯ ಇಂಗ್ಲೆಂಡ್ ಪ್ರವಾಸ. ಆ ಹೊತ್ತಿಗೆ ನಾಯಕತ್ವ ಕೆನ್ ಕಿಯರ್ನಿಯ ಕೈಗೆ ಹೋಗಿತ್ತು. ಏರಿದವನು ಇಳಿಯಲೇಬೇಕು, ಆ ನಿಯಮ ಅವನಿಗೂ ತಪ್ಪಲಿಲ್ಲ.

ಇನ್ನು ನಿಷ್ಠೆಯ ಮಾತು. ಇಂಗ್ಲೆಂಡಿಗೆ ಹೋದಾಗ ಅಲ್ಲಿನ ವರ್ಕಿಂಗ್‌ಟನ್ ಟೌನ್ ಕ್ಲಬ್ಬು ಅವನ ಮುಂದೆ ದೊಡ್ಡ ಮೊತ್ತವನ್ನಿಟ್ಟು ಕರೆಯಿತು. ಸಿಡ್ನಿಯಲ್ಲಿ ಆಡಿ ಸಿಗುತ್ತಿದ್ದ ಹಣಕ್ಕೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಆದರೆ ಇಂಗ್ಲೆಂಡಿನ ಕ್ಲಬ್ಬುಗಳು ಆಸ್ಟ್ರೇಲಿಯದ ಆಟಗಾರರನ್ನು ಕೊಂಡೊಯ್ಯಬಾರದೆಂಬ ನಿರ್ಬಂಧ ಆಗ ಜಾರಿಯಲ್ಲಿತ್ತು. ಆ ಬಾಗಿಲು ಮುಚ್ಚಿತು. ಅಭಿಮಾನಿಗಳು ಈ ಘಟನೆಯನ್ನು ತಮ್ಮ ಪಾಲಿನ ಪುಣ್ಯವೆಂದು ನೆನೆಯಬಹುದು. ನಾವಾದರೋ ನ್ಯಾಯವಾಗಿ ನೋಡಬೇಕು. ಅವನು ಉಳಿದುದರಲ್ಲಿ ನಿಯಮದ ಪಾಲೂ ಇತ್ತು. ಹೊಟ್ಟೆಪಾಡಿಗಾಗಿ ದೂರದ ಊರಿಗೆ ಹೋಗಲು ಒಬ್ಬ ದುಡಿಮೆಗಾರ ಮನಸ್ಸು ಮಾಡಿದರೆ ಅದು ದ್ರೋಹವಲ್ಲ. ಹೋಗಲಾಗದೆ ಉಳಿದದ್ದೇ ನಿಷ್ಠೆಯೂ ಅಲ್ಲ. ಹಾಗಾದರೆ ರೆಡ್‌ಫರ್ನಿನ ಜನ ಅವನನ್ನು ನಿಷ್ಠೆಯ ಮೂರ್ತಿಯೆಂದು ಬಗೆದದ್ದು ಯಾವುದರಿಂದ? ಉಳಿದದ್ದರಿಂದಲ್ಲ, ಉಳಿದಲ್ಲಿ ಅವನು ನಡೆದುಕೊಂಡ ರೀತಿಯಿಂದ. ಅದಕ್ಕೆ 1955ರ ಪಂದ್ಯವೊಂದೇ ಸಾಕ್ಷಿ.

ಆ ವರ್ಷ ಸೌತ್ ಸಿಡ್ನಿಯ ಆರಂಭ ತೀರ ಕೆಟ್ಟದಾಗಿತ್ತು. ಸೋಲಿನ ಮೇಲೆ ಸೋಲು ಬಂದು, ಉಳಿದ ಪಂದ್ಯಗಳಲ್ಲಿ ಒಂದನ್ನು ಕಳೆದುಕೊಂಡರೂ ಪ್ರಶಸ್ತಿಯ ಆಸೆ ಬಿಡಬೇಕು ಎಂಬ ಸ್ಥಿತಿಗೆ ಬಂದು ನಿಂತಿತು. ಒಂದರ ಮೇಲೊಂದರಂತೆ ಗೆಲ್ಲುತ್ತ ಹೋಗುವಾಗ ರೆಡ್‌ಫರ್ನ್ ಮೈದಾನದಲ್ಲಿ ಮ್ಯಾನ್ಲಿ ತಂಡ ಎದುರಾಯಿತು. ಆಟದ ಮೊದಲ ಭಾಗದಲ್ಲಿಯೇ ಎದುರಾಳಿಯೊಬ್ಬನನ್ನು ಕೆಡಹಲು ಹೋಗಿ ಚರ್ಚಿಲ್ಲನ ಎಡಗೈಯ ಮೂಳೆ ಮುರಿಯಿತು. ಅಂದು ಗಾಯಗೊಂಡವನ ಬದಲಿಗೆ ಮತ್ತೊಬ್ಬನನ್ನು ಇಳಿಸುವ ಅವಕಾಶವಿರಲಿಲ್ಲ. ಅವನು ಹೊರನಡೆದರೆ ಹನ್ನೆರಡೇ ಮಂದಿ ಆಡಬೇಕು, ಹಿಂದೆ ಕಾಯುವವರಿಲ್ಲ. ರಟ್ಟಿನ ತುಂಡೊಂದನ್ನು ಕೈಗೆ ಕಟ್ಟಿ, ಬಟ್ಟೆ ಸುತ್ತಿ, ಅವನು ಮತ್ತೆ ಮೈದಾನಕ್ಕೆ ಇಳಿದನು. ಒಂದೇ ಕೈಯಿಂದ ಹಿಡಿಯುತ್ತ, ಹೆಗಲಿನಿಂದ ತಡೆಯುತ್ತ ಆಟ ಮುಗಿಯುವವರೆಗೆ ನಿಂತನು.

ಆಟ ಇನ್ನೇನು ಮುಗಿಯುತ್ತದೆ ಎನ್ನುವಾಗ ಲೆಸ್ ಕವಿ ಟ್ರೈ ಮಾಡಿದನು. ಅಂಕ 7–7 ಸಮವಾಯಿತು. ಆದರೆ ಚೆಂಡನ್ನು ಮುಟ್ಟಿಸಿದ ಸ್ಥಳ ಮೈದಾನದ ಅಂಚಿನಲ್ಲಿತ್ತು. ಅಲ್ಲಿಂದ ಕಂಬಗಳ ನಡುವೆ ಒದೆಯುವುದು ಎರಡು ಕೈ ಸರಿಯಿದ್ದವನಿಗೂ ಕಷ್ಟ. ದೇಹದ ತೂಕ ತೂಗಿಸಲು ಕೈಗಳ ನೆರವು ಬೇಕು. ಚರ್ಚಿಲ್ ಚೆಂಡನ್ನು ನೆಲದಲ್ಲಿ ನಿಲ್ಲಿಸಿ, ಹಿಂದೆ ಸರಿದು, ಬಂದು ಒದ್ದನು. ಅದು ಕಂಬಗಳ ನಡುವೆ ಹಾಯ್ದುಹೋಯಿತು. ಸೌತ್ ಸಿಡ್ನಿ 9–7ರಿಂದ ಗೆದ್ದಿತು. ಆ ಗಾಯದಿಂದಾಗಿ ಅವನು ಆ ವರ್ಷ ಮುಂದೆ ಆಡಲಿಲ್ಲ. ಅವನ ಸಂಗಡಿಗರು ಉಳಿದುದನ್ನೂ ಗೆದ್ದು, ಅಂತಿಮ ಪಂದ್ಯದಲ್ಲಿ ನ್ಯೂಟೌನ್ ತಂಡವನ್ನು 12–11ರಿಂದ ಸೋಲಿಸಿ ಪ್ರಶಸ್ತಿಯನ್ನು ತಂದರು. ಯಾವ ಗೆಲವಿಗಾಗಿ ಅವನು ಕೈ ಮುರಿದುಕೊಂಡನೋ ಆ ಗೆಲವನ್ನು ಅವನು ಬದಿಯಲ್ಲಿ ನಿಂತು ನೋಡಬೇಕಾಯಿತು.

ಮುರಿದ ಮೂಳೆಯೊಡನೆ ಆಡುವುದನ್ನು ಇಂದಿನ ವೈದ್ಯರು ಮೆಚ್ಚಲಾರರು. ನಾವೂ ಅದನ್ನು ಅನುಕರಣೀಯವೆಂದು ಹೇಳಬೇಕಾಗಿಲ್ಲ. ಅಂದಿನ ನಿಯಮವೇ ಕ್ರೂರವಾಗಿತ್ತು. ಆದರೆ ಅಂದು ಸುತ್ತ ನೆರೆದಿದ್ದವರು ಯಾರು ಎಂಬುದನ್ನು ನೆನೆಯಬೇಕು. ಕೈ ನೊಂದರೂ ಬೆನ್ನು ನೊಂದರೂ ದಿನಗೂಲಿ ತಪ್ಪೀತೆಂದು ಮರುದಿನ ಬೆಳಗ್ಗೆ ಕೆಲಸಕ್ಕೆ ಹೋಗುತ್ತಿದ್ದ ಜನ ಅವರು. ಮೈದಾನದಲ್ಲಿ ಅವರು ಕಂಡದ್ದು ತಮ್ಮಂತೆಯೇ ಒಬ್ಬನನ್ನು. ಆ ದಿನದಿಂದ ಅವನು ನ್ಯೂಕಾಸಲ್ಲಿನಿಂದ ಬಂದವನಾಗಿ ಉಳಿಯಲಿಲ್ಲ. ಅವರ ಮನೆಯ ಮಗನಾದನು.

1958ರ ಬಳಿಕ ಅವನು ಸೌತ್ ಸಿಡ್ನಿಯಲ್ಲಿ ಆಡುವುದನ್ನು ಬಿಟ್ಟನು. ಬ್ರಿಸ್ಬೇನ್ ನಗರಕ್ಕೆ ಹೋಗಿ ಅಲ್ಲಿನ ನಾರ್ತ್ಸ್ ಕ್ಲಬ್ಬಿಗೆ ತರಬೇತಿ ಕೊಟ್ಟು 1959ರಲ್ಲಿ ಅದನ್ನು ಗೆಲ್ಲಿಸಿದನು. 1959–60ರಲ್ಲಿ ಇಂಗ್ಲೆಂಡಿಗೆ ಹೋದ ಆಸ್ಟ್ರೇಲಿಯ ತಂಡಕ್ಕೆ ತರಬೇತುದಾರನಾದನು. ಆಮೇಲೆ ಸಿಡ್ನಿಯ ಎದುರಾಳಿ ಕ್ಲಬ್ಬಾದ ಕ್ಯಾಂಟರ್ಬರಿಯಲ್ಲಿಯೂ ಕೆಲಸ ಮಾಡಿದನು. ಇದರಿಂದ ರೆಡ್‌ಫರ್ನಿನವರು ಅವನನ್ನು ಪರಕೀಯನೆಂದು ತಿಳಿಯಲಿಲ್ಲ. 1967ರಲ್ಲಿ ಅವನು ತರಬೇತುದಾರನಾಗಿ ಹಳೆಯ ಮನೆಗೆ ಮರಳಿದನು. ಮರಳಿದ ವರ್ಷವೇ ಪ್ರಶಸ್ತಿ ಬಂತು. ಅಂತಿಮ ಪಂದ್ಯದಲ್ಲಿ 12–10ರಿಂದ ಸೋತದ್ದು ಅವನು ಬಿಟ್ಟುಬಂದಿದ್ದ ಅದೇ ಕ್ಯಾಂಟರ್ಬರಿ. 1968, 1970, 1971ರಲ್ಲಿಯೂ ಸೌತ್ ಸಿಡ್ನಿಯೇ ಗೆದ್ದಿತು.

ಆ ತಂಡದಲ್ಲಿ ಫುಲ್‌ಬ್ಯಾಕ್ ಆಗಿದ್ದವನು ಎರಿಕ್ ಸಿಮ್ಸ್, ಆಸ್ಟ್ರೇಲಿಯದ ಮೂಲನಿವಾಸಿಗಳ ಪೈಕಿಯವನು. 1969ರ ಒಂದೇ ಋತುವಿನಲ್ಲಿ ಅವನು 265 ಅಂಕಗಳನ್ನು ಗಳಿಸಿದನು. ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಕಂಬಗಳ ನಡುವೆ ಒದೆಯುವ ಗೋಲಿನಲ್ಲಿ ಅವನಿಗೆ ಎಷ್ಟು ಕೈಚಳಕ, ಅಲ್ಲ, ಕಾಲ್ಚಳಕವಿತ್ತೆಂದರೆ, 1971ರಲ್ಲಿ ಅಂತಹ ಗೋಲಿನ ಬೆಲೆಯನ್ನು ಎರಡರಿಂದ ಒಂದು ಅಂಕಕ್ಕೆ ಇಳಿಸಲಾಯಿತು! ನಾಯಕನಾಗಿದ್ದವನು ಜಾನ್ ಸ್ಯಾಟ್ಲರ್. 1970ರ ಅಂತಿಮ ಪಂದ್ಯದಲ್ಲಿ ಆಟ ಶುರುವಾಗಿ ಹತ್ತು ನಿಮಿಷದೊಳಗೆ ಎದುರಾಳಿಯ ಏಟಿನಿಂದ ಅವನ ದವಡೆ ಮುರಿಯಿತು. ಅವನು ಹೊರಗೆ ಬರಲಿಲ್ಲ; ವಿರಾಮದಲ್ಲಿಯೂ ಒಪ್ಪಲಿಲ್ಲ; 23–12ರಿಂದ ಮ್ಯಾನ್ಲಿಯನ್ನು ಸೋಲಿಸಿದ ಬಳಿಕವೇ ಆಸ್ಪತ್ರೆಗೆ ಹೋದನು. ಅಂದು ಆ ತಂಡದ ತರಬೇತುದಾರನಾಗಿ ಅವನನ್ನು ನೋಡುತ್ತಿದ್ದವನು, ಹದಿನೈದು ವರ್ಷಗಳ ಹಿಂದೆ ಮುರಿದ ಕೈಯಿಂದ ಅದೇ ಮ್ಯಾನ್ಲಿಯ ಎದುರು ಆಡಿದ್ದ ಕ್ಲೈವ್ ಚರ್ಚಿಲ್.

ಮುಂದಿನದು ಇಳಿಜಾರು. ಕ್ಲಬ್ಬಿನ ಬೊಕ್ಕಸ ಬರಿದಾಗುತ್ತ ಬಂದಿತು. ಹಣವಂತ ಕ್ಲಬ್ಬುಗಳು ಅಲ್ಲಿ ಬೆಳೆದ ಆಟಗಾರರನ್ನು ಒಬ್ಬೊಬ್ಬರನ್ನಾಗಿ ಸೆಳೆದುಕೊಂಡವು. ರಾನ್ ಕೂಟ್ ಈಸ್ಟರ್ನ್ ಸಬರ್ಬ್ಸ್ ಕ್ಲಬ್ಬಿಗೆ ಹೋದನು. ಜಾನ್ ಒನೀಲ್, ರೇ ಬ್ರ್ಯಾನಿಗನ್ ಇಬ್ಬರೂ ಮ್ಯಾನ್ಲಿಗೆ ಹೋದರು. ಅವರನ್ನು ದೂರಿ ಫಲವಿಲ್ಲ. ಆಟಗಾರನ ದುಡಿಮೆಯ ಆಯುಷ್ಯ ಹತ್ತು ಹನ್ನೆರಡು ವರ್ಷ. ಆದರೆ ತೋಟ ಒಬ್ಬರದು, ಹಣ್ಣು ಇನ್ನೊಬ್ಬರದು ಎಂಬಂತಾಯಿತು. 1975ರಲ್ಲಿ ತಂಡ ಮತ್ತೆ ಪಟ್ಟಿಯ ತಳಕ್ಕೆ ಕುಸಿಯಿತು. ಆ ವರ್ಷ ಚರ್ಚಿಲ್ ಕ್ಲಬ್ಬಿನ ಹೊಣೆಯಿಂದ ಕೆಳಗಿಳಿದನು. ತಳದಲ್ಲಿದ್ದ ಕ್ಲಬ್ಬಿಗೆ ಬಂದವನು, ಅದು ತಳ ಸೇರಿದಾಗ ಬಿಟ್ಟನು. ನಡುವೆ ಆಟಗಾರನಾಗಿಯೂ ತರಬೇತುದಾರನಾಗಿಯೂ ಅವನು ಕಂಡದ್ದು ಒಂಬತ್ತು ಪ್ರಶಸ್ತಿಗಳನ್ನು.

1981ರಲ್ಲಿ ಆ ದೇಶದ ರಗ್ಬಿ ಲೀಗ್ ಪತ್ರಿಕೆಯೊಂದು ಈ ಆಟದ ಅಮರರೆಂದು ಮೊದಲಿಗೆ ನಾಲ್ವರನ್ನು ಆರಿಸಿದಾಗ ರೆಗ್ ಗ್ಯಾಸ್ನಿಯರ್, ಜಾನಿ ರೇಪರ್, ಬಾಬ್ ಫುಲ್ಟನ್ ಇವರೊಡನೆ ಚರ್ಚಿಲ್ಲನೂ ಇದ್ದನು. ಅಮರನೆನಿಸಿಕೊಂಡ ನಾಲ್ಕೇ ವರ್ಷಕ್ಕೆ, 1985ರ ಆಗಸ್ಟ್ 9ರಂದು, ಅರ್ಬುದರೋಗದಿಂದ ಅವನು ತೀರಿಕೊಂಡನು. ವಯಸ್ಸು 58. ಮರುವರ್ಷದಿಂದ, ಪ್ರತಿ ವರ್ಷದ ಅಂತಿಮ ಪಂದ್ಯದಲ್ಲಿ ಎಲ್ಲರಿಗಿಂತ ಮೇಲಾಗಿ ಆಡಿದವನಿಗೆ ಕ್ಲೈವ್ ಚರ್ಚಿಲ್ ಪದಕವನ್ನು ಕೊಡುವ ಪದ್ಧತಿ ಆರಂಭವಾಯಿತು. ಮೊದಲನೆಯದು ಪರಮಟ್ಟ ಕ್ಲಬ್ಬಿನ ಪೀಟರ್ ಸ್ಟರ್ಲಿಂಗ್‌ಗೆ ಸಂದಿತು. 2008ರಲ್ಲಿ ಆ ದೇಶದ ಆಟಕ್ಕೆ ನೂರು ವರ್ಷ ತುಂಬಿದಾಗ ಆರಿಸಿದ ಶತಮಾನದ ತಂಡದಲ್ಲಿ ಫುಲ್‌ಬ್ಯಾಕ್ ಸ್ಥಾನ ಅವನದೇ.

ಆದರೆ ಪದಕವನ್ನೂ ಪಟ್ಟಿಯನ್ನೂ ಸಂಸ್ಥೆಗಳು ಮಾಡುತ್ತವೆ. ಜನರ ನಿಷ್ಠೆಗೆ ಪರೀಕ್ಷೆ ಬಂದದ್ದು ಅವನು ಸತ್ತು ಹದಿನಾಲ್ಕು ವರ್ಷಗಳ ಮೇಲೆ. ದೂರದರ್ಶನದ ಹಕ್ಕಿಗಾಗಿ ಕೋಟ್ಯಧೀಶರ ನಡುವೆ ನಡೆದ ಕಾಳಗದಲ್ಲಿ ಆಸ್ಟ್ರೇಲಿಯದ ರಗ್ಬಿ ಲೀಗ್ ಎರಡು ಹೋಳಾಗಿ, ಮತ್ತೆ ಕೂಡಿದಾಗ, ಕ್ಲಬ್ಬುಗಳ ಸಂಖ್ಯೆಯನ್ನು 14ಕ್ಕೆ ಇಳಿಸಬೇಕೆಂದು ತೀರ್ಮಾನವಾಯಿತು. ಜಮಾಖರ್ಚು, ಪ್ರೇಕ್ಷಕರ ಸಂಖ್ಯೆ ಮುಂತಾದ ಅಳತೆಗೋಲುಗಳನ್ನು ಹಿಡಿದರು. 1999ರ ಅಕ್ಟೋಬರಿನಲ್ಲಿ, 20 ಪ್ರಶಸ್ತಿಗಳನ್ನು ಗೆದ್ದಿದ್ದ ಸೌತ್ ಸಿಡ್ನಿಯನ್ನು ಪಟ್ಟಿಯಿಂದ ಹೊರಗೆ ಹಾಕಿದರು. ಕ್ಲಬ್ಬಿನ ಅಧ್ಯಕ್ಷನಾಗಿದ್ದವನು ಜಾರ್ಜ್ ಪಿಗಿನ್ಸ್; ಚರ್ಚಿಲ್ಲನ ತರಬೇತಿಯಲ್ಲಿ ಆಡಿದ್ದವನು. ಅವನು ನ್ಯಾಯಾಲಯದ ಮೆಟ್ಟಿಲು ಹತ್ತಿದನು, ಜನ ಬೀದಿಗಿಳಿದರು. ಹೊರಹಾಕುವ ತೀರ್ಮಾನಕ್ಕೆ ಕೆಲದಿನ ಮುಂಚೆ ಸುಮಾರು 40,000 ಮಂದಿ ಮೆರವಣಿಗೆ ಹೊರಟಿದ್ದರು. 2000ದ ನವೆಂಬರಿನಲ್ಲಿ ನ್ಯಾಯಾಲಯದ ಮೊದಲ ತೀರ್ಪು ವಿರುದ್ಧವಾದ ಮೇಲೆ ಆ ಸಂಖ್ಯೆ 80,000ಕ್ಕೆ ಏರಿತು.

ಇದರಲ್ಲಿ ವಿಚಾರ ಮಾಡತಕ್ಕ ಅಂಶವಿದೆ. ಆ ಮೆರವಣಿಗೆಯಲ್ಲಿ ನಡೆದವರಿಗೆ ಆಗ ನೋಡಲು ಆಟವಿರಲಿಲ್ಲ, ಕೊಂಡಾಡಲು ಗೆಲವಿರಲಿಲ್ಲ. ಅವರ ತಂಡ ಕೊನೆಯ ಸಲ ಪ್ರಶಸ್ತಿ ಗೆದ್ದು ಮೂವತ್ತು ವರ್ಷ ಹತ್ತಿರವಾಗಿತ್ತು. ಅವರಲ್ಲಿ ಎಷ್ಟೋ ಮಂದಿ ಚರ್ಚಿಲ್ ಆಡಿದುದನ್ನು ಕಣ್ಣಾರೆ ಕಂಡವರೇ ಅಲ್ಲ. ಅಪ್ಪನಿಂದಲೋ ಅಜ್ಜಿಯಿಂದಲೋ ಮುರಿದ ಕೈಯ ಕಥೆಯನ್ನು ಕೇಳಿ ಬೆಳೆದವರು. ಕ್ಲಬ್ಬು ಒಂದು ವ್ಯಾಪಾರವಾದರೆ ನಷ್ಟ ಬಂದಾಗ ಅಂಗಡಿ ಮುಚ್ಚುವುದು ಸರಿ. ಆದರೆ ಅದು ಒಂದು ಬಡಾವಣೆ ತನ್ನನ್ನು ತಾನು ಗುರುತಿಸಿಕೊಳ್ಳುವ ಬಗೆಯೂ ಆಗಿದ್ದರೆ, ಲೆಕ್ಕದ ಪುಸ್ತಕವೊಂದನ್ನೇ ನೋಡಿ ಅದನ್ನು ಅಳಿಸಬಹುದೆ? ಸುತ್ತಲ ಕಾರ್ಖಾನೆಗಳು ಮುಚ್ಚಿ, ಹಳೆಯ ಮನೆಗಳಿಗೆ ಹೊಸಬರು ಬಂದು, ಎಲ್ಲ ಬದಲಾಗುತ್ತಿದ್ದ ಕಾಲದಲ್ಲಿ ಆ ಕೆಂಪು-ಹಸಿರು ಅಂಗಿಯೊಂದೇ ಅವರ ಹಿಂದಿನ ಬಾಳಿಗೆ ಉಳಿದ ಗುರುತಾಗಿತ್ತು.

2001ರ ಜುಲೈಯಲ್ಲಿ ಮೇಲ್ಮನವಿಯ ತೀರ್ಪು ಕ್ಲಬ್ಬಿನ ಪರವಾಗಿ ಬಂತು. ಎರಡು ವರ್ಷ ಹೊರಗಿದ್ದ ಸೌತ್ ಸಿಡ್ನಿ 2002ರಲ್ಲಿ ಮತ್ತೆ ಕಣಕ್ಕಿಳಿಯಿತು. ವಿಚಿತ್ರವೆಂದರೆ 2003ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಲ್ಲಿ ಕ್ಲಬ್ಬು ಕಡೆಗೆ ಸೋತಿತೆಂದೇ ಹೇಳಬೇಕು. ಆದರೆ ಆಗಲೇ ಒಳಗೆ ಬಂದಿದ್ದ ತಂಡವನ್ನು ಮತ್ತೆ ಹೊರದಬ್ಬಲಿಲ್ಲ. 2006ರಲ್ಲಿ ಇನ್ನೊಂದು ತಿರುವು. ಹಣದ ತೊಂದರೆಯಿಂದ ಪಾರಾಗಲು ಸದಸ್ಯರೇ ಮತ ಹಾಕಿ, ಕ್ಲಬ್ಬಿನ 75 ಶೇಕಡಾ ಪಾಲನ್ನು ಚಲನಚಿತ್ರ ನಟ ರಸೆಲ್ ಕ್ರೋ ಮತ್ತು ಉದ್ಯಮಿ ಪೀಟರ್ ಹೋಮ್ಸ್ ಆ ಕೋರ್ಟ್ ಇವರಿಗೆ ಮಾರಿದರು. ಕ್ಲಬ್ಬಿಗಾಗಿ ಹೋರಾಡಿದ ಪಿಗಿನ್ಸ್ ಅದನ್ನು ವಿರೋಧಿಸಿದನು. ಯಾರ ನಿಷ್ಠೆ ದೊಡ್ಡದು? ಮಾರಿ ಉಳಿಸಿದವರದೋ, ಮಾರಬಾರದೆಂದವನದೋ? ಎರಡು ಕಡೆಯಲ್ಲಿಯೂ ಕ್ಲಬ್ಬಿನ ಮೇಲಣ ಪ್ರೀತಿಯೇ ಮಾತಾಡಿತೆಂದು ಕಾಣುತ್ತದೆ. ನಿಷ್ಠೆಯುಳ್ಳವರೆಲ್ಲ ಒಂದೇ ದಾರಿಯನ್ನು ಹಿಡಿಯುತ್ತಾರೆಂದು ಹೇಳುವಂತಿಲ್ಲ.

2014ರ ಅಕ್ಟೋಬರ್ 5ರಂದು ಸೌತ್ ಸಿಡ್ನಿ 43 ವರ್ಷಗಳ ಬಳಿಕ ಅಂತಿಮ ಪಂದ್ಯವನ್ನಾಡಿತು. ಎದುರಾಳಿ ಕ್ಯಾಂಟರ್ಬರಿ, ನೋಡಲು ಬಂದವರು 83,833 ಮಂದಿ. ಮೊತ್ತಮೊದಲ ಡಿಕ್ಕಿಯಲ್ಲಿಯೇ ಸೌತ್ ಸಿಡ್ನಿಯ ಸ್ಯಾಮ್ ಬರ್ಜೆಸ್ ಎಂಬ ಇಂಗ್ಲಿಷ್ ಆಟಗಾರನ ಕೆನ್ನೆಯ ಮೂಳೆ ಮುರಿಯಿತು. ಅವನು ಕೊನೆಯವರೆಗೂ ಆಡಿದನು. ತಂಡ 30–6ರಿಂದ ಗೆದ್ದಿತು. ಅಂದು ಕ್ಲೈವ್ ಚರ್ಚಿಲ್ ಪದಕ ಬರ್ಜೆಸ್‌ಗೆ ಸಂದಿತು. ಪದಕ ಶುರುವಾಗಿ 28 ವರ್ಷಗಳಾದ ಮೇಲೆ, ಚರ್ಚಿಲ್ಲನ ಸ್ವಂತ ಕ್ಲಬ್ಬಿನವನೊಬ್ಬನ ಕೊರಳಿಗೆ ಅದು ಬಿದ್ದದ್ದು ಅದೇ ಮೊದಲು. ಆ ಬರ್ಜೆಸ್ ಕೂಡ ಆ ಪಂದ್ಯದ ಬಳಿಕ ರಗ್ಬಿಯ ಇನ್ನೊಂದು ಕವಲಿನಲ್ಲಿ ಆಡಲು ಇಂಗ್ಲೆಂಡಿಗೆ ಹೊರಟುಹೋದನು. ಸುಮಾರು ಒಂದು ವರ್ಷದ ಮೇಲೆ ರೆಡ್‌ಫರ್ನಿನ ಕ್ಲಬ್ಬಿಗೇ ಮರಳಿದನು.

ಈ ವರ್ಷದ ಸಂಚಿಕೆ ಕೈಗೆ ಬರುವ ಹೊತ್ತಿಗೆ ನಮ್ಮ ತರಗತಿಯವರು ಕಾಲೇಜನ್ನು ಬಿಟ್ಟಿರುತ್ತೇವೆ. ನಮ್ಮಲ್ಲಿ ಹಲವರು ತಮ್ಮ ಮನೆಯಿಂದ ಮೊದಲು ಕಾಲೇಜಿನ ಬಾಗಿಲು ಕಂಡವರು. ಕೆಲಸ ಸಿಕ್ಕಿದ ಕಡೆಗೆ, ಊರು ಬಿಟ್ಟು, ಹೋಗಲೇಬೇಕಾದವರು. ಹೋಗುವುದು ತಪ್ಪೆ ಎಂಬ ಅಳುಕು ಕೆಲವರಿಗಾದರೂ ಇದ್ದೀತು. ಕ್ಲೈವ್ ಚರ್ಚಿಲ್ ಹುಟ್ಟಿದ ಊರನ್ನು ಬಿಟ್ಟು ಬಂದವನು. ಸೇರಿದ ಕ್ಲಬ್ಬನ್ನೂ ಒಮ್ಮೆ ಬಿಟ್ಟು ಹೋದವನು. ಜನ ಅವನ ಹೋಗುಬರುವಿಕೆಯ ಲೆಕ್ಕವನ್ನಿಡಲಿಲ್ಲ. ಇದ್ದಷ್ಟು ದಿನ ಅವನು ಎರಡು ಬಗೆಯದೆ ಆಡಿದನೆಂಬುದನ್ನೂ, ಬೇಕಾದಾಗ ಮರಳಿ ಬಂದನೆಂಬುದನ್ನೂ ಮಾತ್ರ ನೆನಪಿಟ್ಟರು. ಅವನು ಸತ್ತ ಮೇಲೆ ಆ ಕ್ಲಬ್ಬಿಗೆ ಕುತ್ತು ಬಂದಾಗ, ಅವನ ಋಣವನ್ನು ಅವರು ಎಂಬತ್ತು ಸಾವಿರ ಜೊತೆ ಕಾಲುಗಳಿಂದ ತೀರಿಸಿದರು.